ಕಾಣೆಯಾದ ಒಂದು ಅಂಕಕ್ಕೆ ಬಹಿರಂಗ ಪತ್ರ

ಶ್ರೀಮಾನ್ ಒಂದು ಅಂಕದವರಿಗೆ, ಉಡುಪಿ ಸರ್ವಿಸ್ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಯವನ ನಮಸ್ಕಾರಗಳು.

ತಾವು ಎಲ್ಲಿದ್ದೀರಿ ಮಾರಾಯ್ರೆ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಂದಿನಿಂದ ಕಾರ್ಕಳದ ಒಂದು ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ. ಹುಡುಗಿಗೆ 625ರಲ್ಲಿ 624. ಮಣಿಪಾಲದ ಅತ್ತೆ ಫೋನು ಮಾಡಿ, "ಆದದ್ದು ಆಯ್ತು, ಧೈರ್ಯ ತಂದ್ಕೊಳ್ಳಿ" ಎಂದಿದ್ದಾರೆ. ಕಾಪುವಿನ ದೊಡ್ಡಪ್ಪ ಮಾರಿಗುಡಿಗೆ ಹರಕೆ ಹೇಳಿಕೊಂಡಿದ್ದಾರೆ. ಅಭಿನಂದನೆಯ ಫ್ಲೆಕ್ಸ್ ಡಿಸೈನ್ ಆಗಿ ನನ್ನ ಕಂಪ್ಯೂಟರಿನಲ್ಲೇ ಕೂತಿದೆ, ಶಾಸಕರ ಫೋಟೋ ಸಹಿತ. ತಮ್ಮದೊಂದು ಜಾಗ ಮಾತ್ರ ಖಾಲಿ. ಹುಡುಗಿ ಎಂತ ಮಾಡುತ್ತಿದ್ದಾಳೆ ಎಂದು ಕೇಳಿದೆ. ಅವಳು ಅಜ್ಜಿ ಮನೆಯಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಿದ್ದಾಳಂತೆ. ಅವಳಿಗೆ ವಿಷಯದ ಗಾಂಭೀರ್ಯ ಇನ್ನೂ ಗೊತ್ತಾಗಿಲ್ಲ.

ತಮ್ಮನ್ನು ಹುಡುಕುವ ದಾರಿ ಹಿಂದೆ ಕಷ್ಟವಿತ್ತು. ಮಹಾರಾಷ್ಟ್ರದ ಬೋರ್ಡಿನ ಪ್ರಕರಣವೊಂದರಲ್ಲಿ 1984ರಲ್ಲಿ ಸುಪ್ರೀಂ ಕೋರ್ಟು, ನಿಯಮ ಬೇಡ ಎಂದ ಮೇಲೆ ಉತ್ತರಪತ್ರಿಕೆ ನೋಡುವುದೂ ಇಲ್ಲ, ಮರುಮೌಲ್ಯಮಾಪನವೂ ಇಲ್ಲ ಎಂದುಬಿಟ್ಟಿತ್ತು. 2011ರಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣ ಬಂತು. ತಿದ್ದಿದ ಪತ್ರಿಕೆಯನ್ನು ಮಾಹಿತಿ ಹಕ್ಕಿನಲ್ಲಿ ನೋಡಬಹುದು ಎಂದಾಯಿತು. ಈಗ ನಮ್ಮಲ್ಲಿ ಮೊದಲು ಸ್ಕ್ಯಾನ್ ಪ್ರತಿಗೆ ಅರ್ಜಿ, ಅದಕ್ಕೊಂದು ಶುಲ್ಕ. ಮತ್ತೆ ಮರುಮೌಲ್ಯಮಾಪನಕ್ಕೆ ಅರ್ಜಿ, ಅದಕ್ಕೂ ಒಂದು ಶುಲ್ಕ, ವಿಷಯದ ಲೆಕ್ಕದಲ್ಲಿ. ತಿದ್ದಿದವರ ಕೈ ತಪ್ಪಿದರೂ ದುಡ್ಡು ಕಟ್ಟಿ ತೋರಿಸಿಕೊಡಬೇಕಾದದ್ದು ಬರೆದವರು. ನನಗೇನು, ಅರ್ಜಿಗೊಂದು ಚಾರ್ಜು ನನಗೂ ಉಂಟು.

ಮೊನ್ನೆ ವಿಜ್ಞಾನದ ಸ್ಕ್ಯಾನ್ ಪ್ರತಿ ತೆರೆದೆವು. ಬೆಳಕಿನ ಕಿರಣದ ಚಿತ್ರ. ಪಕ್ಕದಲ್ಲಿ ಕೆಂಪು ಶಾಯಿಯ ಒಂದು ದುಂಡು, ಅದರೊಳಗೆ 1. ಎರಡಿರಬೇಕಿತ್ತು. ಟ್ಯೂಷನ್ ಮಾಸ್ಟ್ರು ಪೆನ್ನಿನ ತುದಿಯನ್ನು ಮಾನಿಟರಿಗೆ ತಾಗಿಸಿ, "ಇಲ್ಲಿ ಬಾಣದ ಗುರುತು ಉಂಟಲ್ಲ!" ಎಂದರು. ನನಗೆ ಕಾಣಲಿಲ್ಲ. ಪೆನ್ಸಿಲಿನಲ್ಲಿ ಹಾಕಿದ ಬಾಣ ಸ್ಕ್ಯಾನಿನಲ್ಲಿ ಬೂದು ಬೂದಾಗಿತ್ತು. ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ. ಕೊನೆಗೆ ಪರದೆ ತುಂಬ ಕಾಗದದ ನಾರು ಮಾತ್ರ. "ಕಾಣ್ತದೆ, ಕಾಣ್ತದೆ" ಎಂದರು ಅಪ್ಪ. ಅಮ್ಮ ಕೈ ಮುಗಿದರು. ತಾವು ಅಲ್ಲೇ ಇದ್ದಿರಾ?

ತಾವು ಬರುವುದಿಲ್ಲ ಎಂದು ಹೇಳುವ ಹಾಗೂ ಇಲ್ಲ. 2018ರಲ್ಲಿ ಬೆಳಗಾವಿಯ ಒಬ್ಬ ವಿದ್ಯಾರ್ಥಿ 624 ಬಂದರೂ ಬಿಡದೆ ಅರ್ಜಿ ಹಾಕಿದ. ತಮ್ಮ ವಂಶದವರೊಬ್ಬರು ಮರಳಿ ಬಂದರು, 625 ಆಯಿತು. ಅಂದಿನಿಂದ ರಾಜ್ಯದ ಪ್ರತಿಯೊಂದು 624ರ ಮನೆಯಲ್ಲೂ ಆ ಕಥೆಯೇ ಪಾರಾಯಣ.

ಇಷ್ಟು ಬಿಂಕ ಮಾಡುವ ತಮ್ಮ ಬಂಧುಗಳು 2024ರಲ್ಲಿ ಹೇಗೆ ಬಂದಿದ್ದರು, ನೆನಪುಂಟಾ? ಆ ವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮರಾ ಬಂತು, ವೆಬ್‌ಕಾಸ್ಟಿಂಗ್ ಬಂತು, ಪಾಸಾಗುವವರ ಸಂಖ್ಯೆ ದಬಕ್ಕನೆ ಇಳಿಯಿತು. ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರು. ಅದು ಸಿಗಲು ಬೇಕಾದ ಕನಿಷ್ಠ ಅಂಕವನ್ನು ಶೇ. 35ರಿಂದ 25ಕ್ಕೆ ಇಳಿಸಿದರು. ಅರ್ಜಿ ಇಲ್ಲ, ಶುಲ್ಕ ಇಲ್ಲ, ಹರಕೆ ಇಲ್ಲ. ಆದರೂ ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ನಿಂತಿತು. ನಮ್ಮ ಉಡುಪಿ ಶೇ. 94 ಪಡೆದು ರಾಜ್ಯಕ್ಕೇ ಮೊದಲು. ಪಟಾಕಿ ಹೊಡೆದೆವು. ಉಳಿದ ಆರು ಯಾರೆಂದು ನಾನೂ ಕೇಳಲಿಲ್ಲ, ಫ್ಲೆಕ್ಸ್ ಪ್ರಿಂಟಿನ ಗಡಿಬಿಡಿ.

ಅವರಲ್ಲಿ ಯಾರೂ ಸ್ಕ್ಯಾನ್ ಪ್ರತಿ ಬೇಕೆಂದು ನನ್ನ ಅಂಗಡಿ ಹತ್ತುವುದಿಲ್ಲ ಎಂಬುದು ನನ್ನ ತಕರಾರು. ಬರುವವರೆಲ್ಲ 624, 621, 618. ಈ ಸಲ ಕಾಪು ಕಡೆಯ ಒಬ್ಬ ಹುಡುಗ ಅಪ್ಪನೊಟ್ಟಿಗೆ ಬಂದಿದ್ದ, ಅಂಕಪಟ್ಟಿಯ ಜೆರಾಕ್ಸ್‌ಗೆ. ಗಣಿತದಲ್ಲಿ ಹೋಗಿದೆ, ಎರಡೇ ಅಂಕದಲ್ಲಿ. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. "ಒಮ್ಮೆ ಪೇಪರ್ ತರಿಸಿ ನೋಡುವನಾ?" ಎಂದೆ. "ಬೇಡ ಮಾರಾಯ್ರೆ, ಇವ ಓದಿದ್ರೆ ಅಲ್ವಾ? ಮಾಸ್ಟ್ರು ಸುಮ್ಮನೆ ಕಡಿಮೆ ಕೊಡ್ತಾರಾ?" ಎಂದರು. ಹುಡುಗ ಜೆರಾಕ್ಸ್ ಮೆಷಿನಿನ ಬೆಳಕು ಆಚೀಚೆ ಹೋಗುವುದನ್ನು ನೋಡುತ್ತಿದ್ದ.

ಅದೇ ಕೆಂಪು ಪೆನ್ನು. 624ರ ಮನೆಯಲ್ಲಿ ಅದು ಕುರುಡು, ಪಕ್ಷಪಾತಿ, ಕೋರ್ಟಿಗೆ ಎಳೆಯಬೇಕಾದದ್ದು. ಕಾಪುವಿನ ಮನೆಯಲ್ಲಿ ಅದು ಬರೆದದ್ದು ವೇದವಾಕ್ಯ. ಆ ಹುಡುಗನ ಪತ್ರಿಕೆಯ ಒಳಪುಟದಲ್ಲಿ ತಮ್ಮವರಿಬ್ಬರು ಕೂಡಿಸದೆ ಉಳಿದು ಬಾಯಿ ಮುಚ್ಚಿ ಕೂತಿದ್ದರೆ ಹೇಳುವವರು ಯಾರು? ತಾವು ಕಾರ್ಕಳಕ್ಕೆ ಹೊರಟವರು ದಾರಿಯಲ್ಲಿ ಕಾಪುವಿಗೊಮ್ಮೆ ಹೋಗಿ ಬಂದರೆ ಆಗದಾ? ಸುತ್ತಾಗುತ್ತದೆ, ಗೊತ್ತು.

ಇತಿ,
ಅರ್ಜಿ ತುಂಬುವವ

ವಿ.ಸೂ.: ಕೊನೆಯ ದಿನ ಸರ್ವರ್ ಹ್ಯಾಂಗ್ ಆಗುತ್ತದೆ, ಬರುವುದಾದರೆ ಬೇಗ ಬನ್ನಿ. ಟ್ಯೂಷನ್ ಮಾಸ್ಟ್ರು ಈಗ ಇಂಗ್ಲಿಷಿಗೂ ಒಂದು ಅರ್ಜಿ ಹಾಕಿಬಿಡುವ ಎನ್ನುತ್ತಿದ್ದಾರೆ. ಅದರಲ್ಲಿ ಹುಡುಗಿಗೆ ನೂರಕ್ಕೆ ನೂರು ಬಂದಿದೆ ಎಂದು ತೋರಿಸಿದೆ. "ಇರ್ಲಿ, ನೋಡುವ" ಎಂದರು ಅಪ್ಪ.