ದ್ವಾರಭೇದ ಪ್ರಕರಣ: ಗಂಡಸು ಗುಪ್ತರೋಗದ ತಪಾಸಣೆಗೆ ಹೋಗುವ ಬಗೆಗಳು

ಅಲಂಕಾರಶಾಸ್ತ್ರದವರು ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದು ನಾಲ್ಕಾಗಿ ವಿಂಗಡಿಸಿ ಕೈತೊಳೆದುಕೊಂಡರು. ಮೂತ್ರಕ್ಕೆ ಹೋದಾಗಲೆಲ್ಲ ಉರಿ ಕಿತ್ತುಕೊಂಡು ಬಂದರೂ ಮೂರು ವಾರ ಬಾಯಿ ಬಿಡದೆ ಆಟೊ ಓಡಿಸುವ ನಾಯಕನನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಅವರು ಹೇಳಲಿಲ್ಲ. ಆ ಕೊರತೆ ನೀಗಿಸುವುದು ಈ ಪ್ರಕರಣದ ಪ್ರಯೋಜನ. ಕ್ಷೇತ್ರ, ಬೆಂಗಳೂರು. ಅಧಿಕಾರಿಗಳು, ಪೀಣ್ಯ, ಕಲಾಸಿಪಾಳ್ಯ, ಯಶವಂತಪುರಗಳ ಕಡೆ ಲೋಡು ಹೊರುವ, ಗಾರೆ ಕಲಸುವ, ಸ್ಟೀರಿಂಗ್ ತಿರುಗಿಸುವ ಗಂಡಸರು.

ಮೊದಲು ಲಕ್ಷಣ. ಸರ್ಕಾರಿ ಆಸ್ಪತ್ರೆಯ ಮುಂಬಾಗಿಲನ್ನು ಬಿಟ್ಟು ಗಂಡಸು ಹುಡುಕಿಕೊಳ್ಳುವ ದಾರಿಗೆ ‘ದ್ವಾರ’ ಎಂದು ಹೆಸರು. ಅದಕ್ಕೆ ಮೂರು ಗುಣ ಇರಲೇಬೇಕು: ದಿನದ ಕೂಲಿ ತಪ್ಪಬಾರದು, ಏರಿಯಾದವರು ಕಾಣಬಾರದು, ಯಾಕೆ ಬಂದೆ ಎಂದು ಯಾರೂ ಗಟ್ಟಿಯಾಗಿ ಕೇಳಬಾರದು. ಒಳಗೆ ಕೂತವರಿಗೆ ವೈದ್ಯಕೀಯ ಗೊತ್ತಿರಬೇಕೆಂಬುದು ನಾಲ್ಕನೆಯ ಗುಣ, ಅದು ಐಚ್ಛಿಕ.

ಪ್ರಥಮ, ಮೆಡಿಕಲ್ ದ್ವಾರ. ಕಾಲ, ರಾತ್ರಿ ಒಂಬತ್ತರ ಮೇಲೆ, ಶಟರ್ ಅರ್ಧ ಇಳಿಯುವ ಹೊತ್ತು. ನಾಯಕ ಬಂದವನೇ ತಲೆನೋವಿನ ಮಾತ್ರೆ ಕೇಳುತ್ತಾನೆ. ಮಗುವಿನ ಕೆಮ್ಮಿನ ಸಿರಪ್ಪಿಗೆ ಬಂದ ಹೆಂಗಸು ಚಿಲ್ಲರೆ ಎಣಿಸಿಕೊಂಡು ಹೋಗುವ ತನಕ ಸೋಪಿನ ಜಾಹೀರಾತು ಓದುತ್ತಾನೆ. ಆಮೇಲೆ ಸಂವಾದ:

“ಅಣ್ಣಾ, ನಮ್ ಫ್ರೆಂಡಿಗೆ ಸ್ವಲ್ಪ ಹೀಟ್ ಆಗ್ಬಿಟ್ಟಿದೆ.”

“ಬರೀ ಉರಿನಾ, ಕೀವೂ ಬರ್ತಿದ್ಯಾ?”

“ಬರ್ತಿದೆ ಅಂದ.”

“ಎಷ್ಟು ದಿನ ಆಯ್ತಪ್ಪ ನಿಂಗೆ?”

“ನಾಕ್ ದಿನ ಅಣ್ಣ.”

ಫ್ರೆಂಡು ಇಲ್ಲಿ ಅಂತರ್ಧಾನನಾಗುತ್ತಾನೆ. ಸ್ಟ್ರಿಪ್ಪಿನಿಂದ ಎರಡು ಮಾತ್ರೆಗೆ ಕತ್ತರಿ ಬೀಳುತ್ತದೆ, ಜತೆಗೆ ಎಳನೀರಿನ ಉಪದೇಶ. ಈ ದ್ವಾರವನ್ನು ನಾನು ಪೂರ್ತಿ ಹೀಗಳೆಯಲಾರೆ. ಇಡೀ ಬಡಾವಣೆಯಲ್ಲಿ ಅವನ ಮುಖ ನೋಡಿ ಮೆಲ್ಲಗೆ ಮಾತಾಡಿದವನು ಆ ಅಂಗಡಿಯವನೊಬ್ಬನೇ. ಆದರೆ ಇದೇ ಕಾಯಿಲೆಗೆ ಸರ್ಕಾರದ ಸುರಕ್ಷಾ ಕ್ಲಿನಿಕ್‌ನಲ್ಲಿ ಬೂದು ಬಣ್ಣದ ಕಿಟ್ ಇದೆ: ಅಜಿಥ್ರೋಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ, ಒಂದೇ ಸಲ ನುಂಗುವುದು, ಪುಕ್ಕಟೆ. ಜೋಡಿಯನ್ನೂ ಕರೆದುಕೊಂಡು ಬಾ ಅನ್ನುತ್ತಾರೆ, ರಕ್ತವನ್ನೂ ನೋಡುತ್ತಾರೆ. ಮೆಡಿಕಲ್ಲಿನಲ್ಲಿ ಅರೆ ಡೋಸು ಸಿಗುತ್ತದೆ, ತಪಾಸಣೆ ಸಿಗುವುದಿಲ್ಲ. ಉರಿ ಆರಿದರೂ ರೋಗಾಣು ಅಲ್ಲೇ ಬಿಡಾರ ಹೂಡಿರುತ್ತದೆ.

ದ್ವಿತೀಯ, ಲಾಡ್ಜ್ ದ್ವಾರ. ಮೂತ್ರಾಲಯದ ಗೋಡೆಯ ಹಳದಿ ಚೀಟಿಯೇ ಇದಕ್ಕೆ ಪ್ರಮಾಣ: ತಿಂಗಳ ಇಂಥ ತಾರೀಖು, ಇಂಥ ಲಾಡ್ಜು, ನಿರಾಶರಾಗಬೇಡಿ. ಇಂಥ ಕಾಯಿಲೆಗಳಿಗೆ ಔಷಧಿಯ ಜಾಹೀರಾತು ಕೊಡುವುದನ್ನೇ 1954ರ ಕಾಯ್ದೆ ನಿಷೇಧಿಸಿದೆ. ಗೋಡೆಗೆ ಅದು ತಿಳಿದಂತಿಲ್ಲ. ಇಲ್ಲಿನ ವೈದ್ಯರ ಕೀರ್ತಿಯ ಗುಟ್ಟು ಸಿಫಿಲಿಸ್‌ನ ಸ್ವಭಾವದಲ್ಲಿದೆ. ಅದರ ಮೊದಲ ಹುಣ್ಣಿಗೆ ಸಾಮಾನ್ಯವಾಗಿ ನೋವಿಲ್ಲ. ಏನೂ ಮಾಡದಿದ್ದರೂ ಮೂರರಿಂದ ಆರು ವಾರದಲ್ಲಿ ತಾನೇ ಮಾಯುತ್ತದೆ. ಆ ಅವಧಿಯಲ್ಲಿ ಭಸ್ಮ ಕೊಟ್ಟವನು, ಲೇಹ್ಯ ಕೊಟ್ಟವನು, ತಾಯತ ಕಟ್ಟಿದವನು ಎಲ್ಲರೂ ಧನ್ವಂತರಿಗಳೇ. ಕಾಯಿಲೆ ಒಳಗೇ ಉಳಿದು ವರ್ಷಗಳ ಮೇಲೆ ಗುಂಡಿಗೆಗೋ ಮಿದುಳಿಗೋ ಕೈಹಾಕುವಾಗ ಲಾಡ್ಜಿನ ರೂಮು ಖಾಲಿಯಾಗಿರುತ್ತದೆ. ರಕ್ತಪರೀಕ್ಷೆಯಲ್ಲಿ ಆಗಲೇ ತಿಳಿದಿದ್ದರೆ ಸೊಂಟದ ಕೆಳಗೆ 24 ಲಕ್ಷ ಯೂನಿಟ್ ಪೆನಿಸಿಲಿನ್ ಚುಚ್ಚಿ ಕತೆ ಮುಗಿಸಬಹುದಿತ್ತು.

ತೃತೀಯ, ರಕ್ತದಾನ ದ್ವಾರ. ಇದು ನಮ್ಮ ನಾಯಕನ ಪ್ರತಿಭೆಯ ಶಿಖರ. ದಾನವಾಗಿ ಬಂದ ಪ್ರತಿ ಬಾಟಲಿಯನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷಿಸಲೇಬೇಕೆಂಬುದು ಅವನಿಗೆ ಯಾರಿಂದಲೋ ತಿಳಿದಿದೆ. ರಾಜ್ಯೋತ್ಸವದ ಶಾಮಿಯಾನದಲ್ಲಿ ಮಲಗಿ, ಫ್ರೂಟಿ ಕುಡಿದು, ಸರ್ಟಿಫಿಕೇಟ್ ಹಿಡಿದು ಫೋಟೊ ತೆಗೆಸಿಕೊಂಡು, ‘ಫೋನ್ ಬರದಿದ್ದರೆ ಕ್ಲೀನ್’ ಎಂದು ತೀರ್ಮಾನಿಸುತ್ತಾನೆ. ಅವಮಾನದ ಜಾಗದಲ್ಲಿ ಪುಣ್ಯ ಸಂಪಾದನೆ! ಯುಕ್ತಿ ಸೊಗಸು, ಫಲ ಘೋರ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಅದು ಸಿಕ್ಕದೇ ಹೋಗಬಹುದು, ರಕ್ತ ಮಾತ್ರ ಹೆರಿಗೆಯಾದ ಯಾವಳಿಗೋ ಏರಿರುತ್ತದೆ. ಫಾರಂನಲ್ಲಿ ಕೇಳುವ ಖಾಸಗಿ ಪ್ರಶ್ನೆಗಳು ಇದಕ್ಕೇ ಇರುವುದು. ಅವನು ಎಲ್ಲಕ್ಕೂ ‘ಇಲ್ಲ’ ಎಂದು ಟಿಕ್ ಹಾಕುತ್ತಾನೆ. ಅನುಮಾನವಿದ್ದವನು ಮಾಡಬಾರದ ದಾನ ಇದೊಂದೇ.

ಚತುರ್ಥ, ಪತ್ನೀ ದ್ವಾರ: ಬಸುರಿ ಹೆಂಡತಿಯ ತಾಯಿ ಕಾರ್ಡಿನಲ್ಲಿ ರಿಪೋರ್ಟ್ ಸರಿ ಇದ್ದರೆ ತನ್ನದೂ ಸರಿ ಎಂಬ ಅನುಮಾನಪ್ರಮಾಣ. ತಪ್ಪು. ಪಂಚಮ, ವೀಸಾ ದ್ವಾರ: ಗಲ್ಫಿಗೆ ಹೊರಟವನ ಮೆಡಿಕಲ್. ಅಲ್ಲಿ ತಪಾಸಣೆ ಆಗುತ್ತದೆ, ಆದರೆ ಅದು ಅವನಿಗಾಗಿ ಅಲ್ಲ, ವೀಸಾ ಕೊಡುವವರಿಗಾಗಿ.

ಷಷ್ಠ, ಸಂಗ ದ್ವಾರ. ಗಂಡಸರ ಜತೆ ಸೇರುವ ಗಂಡಸರು, ಲಾರಿ ಚಾಲಕರು ಮುಂತಾದವರ ನಡುವೆ ಅವರದೇ ಪೈಕಿಯ ಒಬ್ಬ ಕಾರ್ಯಕರ್ತ ಓಡಾಡಿಕೊಂಡಿರುತ್ತಾನೆ. “ಬಾರೋ, ನಾನೂ ಬರ್ತೀನಿ” ಎಂದು ತಪಾಸಣೆಯ ಸೆಂಟರಿಗೆ ಜತೆಗೇ ಹೋಗಿ ಬೆಂಚಿನ ಮೇಲೆ ಪಕ್ಕದಲ್ಲೇ ಕೂರುತ್ತಾನೆ. ಮೆಡಿಕಲ್, ಲಾಡ್ಜ್ ದ್ವಾರಗಳಲ್ಲಿಲ್ಲದ ನಾಲ್ಕನೆಯ ಗುಣ ಇದರಲ್ಲಿದೆ. ತಮಾಷೆ ನೋಡಿ: ಸಮಾಜ ಮೂಗು ಮುರಿಯುವವನನ್ನು ವರ್ಷಕ್ಕೆ ಎರಡು ಸಲ ಎಚ್‌ಐವಿ ಪರೀಕ್ಷೆಗೆ ಕರೆಯುವ ವ್ಯವಸ್ಥೆ ಇದೆ, ಎರಡು ಮಕ್ಕಳ ತಂದೆ, ಮರ್ಯಾದಸ್ಥ ಗಾರೆ ಮೇಸ್ತ್ರಿಯನ್ನು ಕರೆಯುವವರೇ ಇಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ವಿಕ್ಟೋರಿಯಾ, ಬೌರಿಂಗ್, ಕೆ.ಸಿ. ಜನರಲ್ ಇದ್ದಾವಲ್ಲ, ಪರೀಕ್ಷೆ ಪುಕ್ಕಟೆ ಅಲ್ಲವೆ, ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ ಎಂದು 2017ರ ಕಾಯ್ದೆ ಹೇಳುವುದಿಲ್ಲವೆ? ಹೇಳುತ್ತದೆ. ಆದರೆ ಒಪಿಡಿಯ ಹೊತ್ತು ಕೂಲಿಯ ಹೊತ್ತೂ ಹೌದು. ರೂಮು ಎಲ್ಲಿ ಎಂದು ಪಿಸುಗುಟ್ಟಿದರೆ “ಎಚ್‌ಐವಿ ಟೆಸ್ಟಾ? ನೇರ ಹೋಗಿ ಎಡಕ್ಕೆ!” ಎಂದು ಕಾರಿಡಾರಿಗೆಲ್ಲ ಕೇಳುವಂತೆ ಕೂಗುವ ಅಟೆಂಡರನ ಕಿವಿಗೆ ಆ ಕಾಯ್ದೆ ಬಿದ್ದಿಲ್ಲ.

ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ಬಿನ್ನಹ: ಸಂಜೆ ಏಳರಿಂದ ಒಂಬತ್ತು, ಭಾನುವಾರ ಬೆಳಿಗ್ಗೆ, ಬಿಪಿ-ಶುಗರ್ ನೋಡುವ ಟೇಬಲ್ಲಿನಲ್ಲೇ ಈ ಪರೀಕ್ಷೆಗಳಿಗೂ ರಕ್ತ ತೆಗೆಯಿರಿ, ಬೋರ್ಡಿಗೆ ‘ಗಂಡಸರ ಆರೋಗ್ಯ ತಪಾಸಣೆ’ ಎಂದಷ್ಟೇ ಬರೆಯಿಸಿ. ಅಲ್ಲಿಯ ತನಕ ಓದುಗರು 1097ಕ್ಕೆ ಫೋನ್ ಮಾಡಬಹುದು. ಕರೆ ಉಚಿತ.