ಸುಸ್ತಾಗಲು ನೌಕರಿ ಬೇಕಂತೆ

ಸುಸ್ತಾಗುವುದಕ್ಕೂ ಒಂದು ನೌಕರಿ ಇರಬೇಕು ಅಂತ ನನಗೆ ಗೊತ್ತೇ ಇರಲಿಲ್ಲ. ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ‘ಬರ್ನ್‌ಔಟ್’ ಅಂದರೇನು ಅಂತ ವಿವರಿಸಿದರು. ಮೈಮನಸ್ಸು ಬಳಲಿ ಬೆಂಡಾಗುವುದು, ಮಾಡುವ ಕೆಲಸದ ಮೇಲೆ ಜಿಗುಪ್ಸೆ ಹುಟ್ಟುವುದು, ಎಷ್ಟು ಮಾಡಿದರೂ ಏನೂ ಆಗಲಿಲ್ಲ ಅನ್ನಿಸುವುದು, ಇವು ಲಕ್ಷಣ. ಅಲ್ಲಿಯವರೆಗೂ ಸರಿ. ಕೊನೆಗೊಂದು ಕೊಕ್ಕೆ ಹಾಕಿದರು: ಈ ಮಾತು ಉದ್ಯೋಗಕ್ಕೆ ಮಾತ್ರ ಅನ್ವಯ, ಬದುಕಿನ ಬೇರೆ ವಿಷಯಕ್ಕೆ ಬಳಸಕೂಡದು. ಅಂದರೆ ಆಫೀಸಿನಲ್ಲಿ ಕೂತವನಿಗೆ ಬರ್ನ್‌ಔಟ್. ಅಡುಗೆಮನೆಯಲ್ಲಿ ನಿಂತವಳಿಗೆ ಬರೀ ‘ಯಾಕೆ ಸಪ್ಪಗಿದೀಯ?’

ಈ ತೀರ್ಪನ್ನು ನಮ್ಮ ಪಕ್ಕದ ತೋಟದ ಸೊಸೆಗೆ ಹೇಳಿದೆ. ಬೆಂಗಳೂರಿನ ಹುಡುಗಿ. ಲಾಕ್‌ಡೌನಿನಲ್ಲಿ ಗಂಡ, ಮಕ್ಕಳ ಸಮೇತ ಕಿಬ್ಬನಹಳ್ಳಿಗೆ ಬಂದವಳು ವಾಪಸ್ ಹೋಗಲಿಲ್ಲ. ಮಕ್ಕಳಿಬ್ಬರನ್ನೂ ಮನೆಯಲ್ಲೇ ಓದಿಸುತ್ತಾಳೆ. ಸಾಲದ್ದಕ್ಕೆ ಮಕ್ಕಳ ಓದು, ತೋಟದ ಬಾಳು ಅಂತ ಪತ್ರಿಕೆಯೊಂದಕ್ಕೆ ವಾರವಾರ ಅಂಕಣ ಬೇರೆ.

“ಹಂಗಾದ್ರೆ ನಂಗೇನಾಗಿದೆ ಮಾವ?” ಅಂದಳು.

“ನಿಂಗೇನೂ ಆಗಿಲ್ಲ ಕಣವ್ವ. ಆಗಿದೆ ಅಂದ್ರೂ ಜಿನೀವಾದೋರು ಒಪ್ಪಲ್ಲ.”

ನಗಲಿಲ್ಲ. ನನಗೆ ಗಾಬರಿಯಾದದ್ದು ಆಗಲೇ. ಇದಕ್ಕಿಂತ ಕೆಟ್ಟ ಜೋಕಿಗೂ ನಕ್ಕಿದ್ದ ಹುಡುಗಿ ಅದು.

ಶಾಲೆ ಬೇಡ ಅಂತ ಹೊರಟವಳು ನಡುಮನೆಯಲ್ಲಿ ಪೂರಾ ಶಾಲೆಯನ್ನೇ ಕಟ್ಟಿದ್ದಾಳೆ. ಗೋಡೆಗೆ ಬಣ್ಣಬಣ್ಣದ ಟೈಂಟೇಬಲ್. ಪೀರಿಯಡ್ಡಿಗೂ ಮಂಗಳಾರತಿಗೂ ಒಂದೇ ಗಂಟೆ. ಅದು ಬಾರಿಸಿದರೆ ಅತ್ತೆ ಕೈ ಮುಗಿಯುತ್ತಾರೆ, ಮಕ್ಕಳು ಹಿತ್ತಲಿಗೆ ಓಡುತ್ತವೆ. ಹೆಡ್‌ಮೇಷ್ಟ್ರೂ ಈಕೆಯೇ, ಜವಾನನೂ ಈಕೆಯೇ, ಬಿಸಿಯೂಟದ ಅಡುಗೆಯವಳೂ ಈಕೆಯೇ. ಒಬ್ಬರೇ ಮೇಷ್ಟ್ರಿರುವ ಸರ್ಕಾರಿ ಶಾಲೆಯಲ್ಲೂ ಅನ್ನ ಬೇಯಿಸಲು ಬೇರೆ ಹೆಂಗಸರಿರುತ್ತಾರೆ, ಸ್ವಾಮಿ. ಮತ್ತೆ ಗಂಡ? ಅವನು ಬಿಇಓ. ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಬರುತ್ತಾನೆ, “ಸಿಲಬಸ್ ಎಲ್ಲಿಗೆ ಬಂತು?” ಅನ್ನುತ್ತಾನೆ, ಕಾಫಿ ಕುಡಿಯುತ್ತಾನೆ, ನಾಲ್ಕು ಸಲಹೆ ಕೊಟ್ಟು ಎದ್ದು ಹೋಗುತ್ತಾನೆ. ಉಂಡೆ ಕೊಬ್ಬರಿಗಾದರೂ 2024ರಲ್ಲಿ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಇತ್ತು. ಈಕೆಗೆ ಬೆಂಬಲವೂ ಇಲ್ಲ, ಬೆಲೆಯೂ ಇಲ್ಲ.

ಯಾಕಮ್ಮ ಇಷ್ಟು ಒದ್ದಾಟ ಅಂದರೆ, ಕಾರಂತರನ್ನು ತೋರಿಸುತ್ತಾಳೆ. “ಉಲ್ಲಾಸ ಕಾರಂತರು ಚಿಕ್ಕಂದಿನಲ್ಲಿ ಶಾಲೆಗೆ ಹೋಗ್ಲಿಲ್ಲ, ಮನೇಲೇ ಕಲಿತ್ರು. ಈಗ ನೋಡಿ, ಹುಲಿಗಳ ವಿಷ್ಯದಲ್ಲಿ ಜಗತ್ತೇ ಅವರ ಮಾತು ಕೇಳುತ್ತೆ. ಅವರಪ್ಪ ಶಿವರಾಮ ಕಾರಂತರು ಮಕ್ಕಳನ್ನೂ ಬೆಳೆಸಿದ್ರು, ನಲವತ್ತಕ್ಕೂ ಹೆಚ್ಚು ಕಾದಂಬರೀನೂ ಬರೆದ್ರು, ಮೇಲೆ ‘ಬಾಲಪ್ರಪಂಚ’ ಮೂರು ಸಂಪುಟ!” ಎಲ್ಲ ನಿಜ. ಪುತ್ತೂರಿನ ಬಾಲವನಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ಆ ಮನೆಯಲ್ಲಿ ಕಾರಂತರ ಹೆಂಡತಿ ಲೀಲಾ ಅಂತ ಒಬ್ಬರಿದ್ದರಲ್ಲ! ಕಾರಂತರು ಯಕ್ಷಗಾನ, ಭಾಷಣ ಅಂತ ಊರೂರು ತಿರುಗುವಾಗ ಒಲೆ ಉರಿಸಿದವರು ಯಾರು? “ಇಲ್ಲಿ ಕಾರಂತರೂ ನೀನೇ, ಲೀಲಾನೂ ನೀನೇ ಆಗಕ್ಕೋದ್ರೆ ಹೆಂಗವ್ವ?” ಅಂದೆ. ಕುಪ್ಪಳಿಯಲ್ಲಿ ಕುವೆಂಪು ಅವರಿಗೆ ಅಕ್ಷರ ಕಲಿಸಿದ್ದೂ ಮನೆಯಲ್ಲೇ. ಅದಕ್ಕೆ ದಕ್ಷಿಣ ಕನ್ನಡದಿಂದ ಐಗಳನ್ನು ಕರೆಸಿದ್ದರು. ಆ ಐಗಳು ಒಂದು ಕೈಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ ಇನ್ನೊಂದು ಕೈಯಲ್ಲಿ ಅಂಕಣ ಬರೆದರು ಅಂತ ನಾನಂತೂ ಎಲ್ಲೂ ಓದಿಲ್ಲ.

ಅಂಕಣದ ಕಥೆಯೇ ಬೇರೆ. ಬರೆಯುವುದು ತಪ್ಪಲ್ಲ, ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ. ಆದರೆ ಈಕೆಯ ಮನೆಯಲ್ಲಿ ಯಾವ ಘಟನೆಗೂ ಸುಮ್ಮನೆ ನಡೆದು ಹೋಗುವ ಸ್ವಾತಂತ್ರ್ಯವಿಲ್ಲ. ಚಿಕ್ಕವಳು ಎಡವಿ ಮಂಡಿ ತರಚಿಕೊಂಡರೆ ಅರಿಶಿನ ಸಿಗುವುದಕ್ಕೆ ಮುಂಚೆ ಮೊದಲ ವಾಕ್ಯ ಸಿಕ್ಕಿರುತ್ತದೆ. ಹೋದ ಸಲ ಕಾಯಿ ಸುಲಿಯುವವನು ಬಂದಿದ್ದ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಸೊಂಟ ತಿರುಗಿಸಿ, ಮೂರೇ ಪಟ್ಟಿಗೆ ಮಟ್ಟೆ ಬಿಚ್ಚಿ ಬಿಸಾಕುತ್ತಿದ್ದ. ದೊಡ್ಡ ಹುಡುಗ ಬೆಳಗಿನಿಂದ ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಸಾವಿರಕ್ಕೆ ಇಷ್ಟು ಅಂತ ಕೂಲಿ. ಸಂಜೆ ಲೆಕ್ಕ ಹಾಕುವಾಗ ಹುಡುಗ, “ಅಣ್ಣಾ, ನೀವು ಎಪ್ಪತ್ತು ಕಾಯಿ ಜಾಸ್ತಿ ಹೇಳ್ತಿದೀರ” ಅಂದುಬಿಟ್ಟ. ಇಡೀ ತಿಂಗಳು ಗುಣಾಕಾರಕ್ಕೆ ಕಣ್ಣೀರಿಟ್ಟವನು! ಸುಲಿಯುವವನು ತಲೆ ಕೆರೆದುಕೊಂಡು, “ಅವ್ವಾ, ನಾಳಿಕ್ ಈ ಹುಡುಗನ್ನ ಒಳೀಕ್ ಕೂರ್ಸ್ಕಳಿ” ಅಂದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಇವಳು ರಾತ್ರಿ ಕೂತು ಅದನ್ನೇ ಅಂಕಣ ಮಾಡಿದಳು. ಬೆಳಗ್ಗೆ ಎದ್ದು ಅದನ್ನೇ ವರ್ಕ್‌ಶೀಟ್ ಮಾಡಿದಳು: ‘ಒಬ್ಬನು 1,000 ಕಾಯಿ ಸುಲಿದರೆ...’ ಹುಡುಗ ಆಮೇಲೆ ಮಟ್ಟೆ ರಾಶಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಬೆಂಗಳೂರಿನವಳಾದರೇನು, ಕೊಬ್ಬರಿ ಸೀಮೆಯ ಸೊಸೆ ತಾನೆ? ನಮ್ಮಲ್ಲಿ ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗುವುದಿಲ್ಲ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದಂತೆ ಸದ್ದು ಬರಬೇಕು. ದಿನಾ ಏಣಿ ಹತ್ತಿ ಒಂದೊಂದನ್ನೇ ಕಿವಿ ಹತ್ತಿರ ಅಲ್ಲಾಡಿಸಿ ನೋಡುವವನನ್ನು ಊರಿನವರು ಏನಂತಾರೆ? ಈಕೆ ಪ್ರತಿ ಶುಕ್ರವಾರ ಟೆಸ್ಟ್ ಇಟ್ಟು ಮಕ್ಕಳನ್ನು ಅಲ್ಲಾಡಿಸುತ್ತಾಳೆ. ಒಳಗಿನ್ನೂ ನೀರು. ಅದಕ್ಕೇ ಇವಳಿಗೆ ನಿದ್ದೆಯಿಲ್ಲ.

ಸರ್ಕಾರಕ್ಕಿರುವ ತಾಳ್ಮೆಯಾದರೂ ಬೇಡವೇ? ಮನೆಯಲ್ಲಿ ಓದಿದ ಮಕ್ಕಳು ಹತ್ತನೇ ತರಗತಿ ಕಟ್ಟುವುದಕ್ಕೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅದೇ ಎನ್‌ಐಒಎಸ್, ಇದೆ. 1989ರಿಂದ ನಡೆಯುತ್ತಿದೆ. ಹದಿನಾಲ್ಕು ತುಂಬಿರಬೇಕು. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಟೈಮು, ಒಂಬತ್ತು ಸಲ ಪರೀಕ್ಷೆ ಬರೆಯಬಹುದು. ಪಾಸಾದ ವಿಷಯ ಪಾಸಾದಂತೆ, ಉಳಿದದ್ದು ಆಮೇಲೆ. ದೆಹಲಿಯ ಸರ್ಕಾರ ಐದು ವರ್ಷ ಕಾಯುತ್ತೇನೆ ಅನ್ನುತ್ತಿದೆ, ಕಿಬ್ಬನಹಳ್ಳಿಯ ತಾಯಿ ಶುಕ್ರವಾರದೊಳಗೆ ಬೇಕು ಅನ್ನುತ್ತಾಳೆ.

ಇನ್ನು ಅತ್ತೆ. ಜಗಲಿಯಲ್ಲಿ ಕೂತು ಗರಿಯಿಂದ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಾರೆ. ಕೂಲಿಮಠದಲ್ಲಿ ಓದಿದ ತಮ್ಮ ಅಪ್ಪನಿಂದ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ಬಾಯಿಪಾಠ ಕಲಿತವರು. ಆದರೆ ನಡುಮನೆಯ ಶಾಲೆಗೆ ಅವರನ್ನು ಯಾರೂ ಸೇರಿಸಿಕೊಂಡಿಲ್ಲ. ಅವರ ಉಚ್ಚಾರಣೆ ಸಿಲಬಸ್ಸಿಗೆ ಹೊಂದುವುದಿಲ್ಲವಂತೆ. ಬೆಲ್ಜಿಯಂನ ಇಸಬೆಲ್ ರೋಸ್ಕಾಮ್, ಮೊಯಿರಾ ಮಿಕೊಲಾಯ್ಚಾಕ್ ಅನ್ನುವ ಇಬ್ಬರು ಸಂಶೋಧಕಿಯರು 42 ದೇಶಗಳ ತಂದೆತಾಯಿಗಳ ಬಳಲಿಕೆಯನ್ನು ಅಳೆಸಿ 2021ರಲ್ಲಿ ಪ್ರಕಟಿಸಿದರು. ಜಿನೀವಾದವರು ಒಪ್ಪದಿದ್ದರೂ ಇವರು ಒಪ್ಪಿದರಲ್ಲ, ಅದೇ ಸಮಾಧಾನ. ಅವರಿಗೆ ಕಂಡದ್ದು: ನನ್ನ ಸಂಸಾರ ನನ್ನದು ಅನ್ನುವ ಪಶ್ಚಿಮದ ದೇಶಗಳಲ್ಲಿ ಈ ಸುಸ್ತು ಜಾಸ್ತಿ. ಇದನ್ನೇ ಜಗಲಿಯ ಅಜ್ಜಿ ಹೇಳಿದ್ದರೆ ‘ಅತ್ತೆ ಕೊಂಕು ಮಾತಾಡಿದರು’ ಅಂತ ಇನ್ನೊಂದು ಅಂಕಣ ಆಗುತ್ತಿತ್ತು.

ನನ್ನ ತೀರ್ಪು ಇಷ್ಟು: ಆ ಮನೆಯಲ್ಲಿ ಕಲಿಸುವುದು ಅತಿಯಾಗಿಲ್ಲ, ಕಲಿಸುವವರು ಕಡಿಮೆಯಾಗಿದ್ದಾರೆ. ಜೊತೆಗೆ ರಜೆಯೂ ಇಲ್ಲ. ಸರ್ಕಾರಿ ಮೇಷ್ಟ್ರಿಗೆ ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ, ದಸರಾಕ್ಕೆ ಇನ್ನೊಂದು, ಮಧ್ಯೆ ಬೇಕಾದರೆ ಸಿಎಲ್. ಮನೆಯನ್ನೇ ಶಾಲೆ ಮಾಡಿದವಳು ಶಾಲೆಯಿಂದ ಗಂಟೆ ತಂದಳು, ಟೆಸ್ಟ್ ತಂದಳು, ರಜೆಯೊಂದನ್ನು ಅಲ್ಲೇ ಬಿಟ್ಟು ಬಂದಳು.

ಇದನ್ನು ಓದುತ್ತಿರುವ ಮನೆಮನೆಯ ಬಿಇಓ ಸಾಹೇಬರಲ್ಲಿ ಒಂದು ವಿನಂತಿ. ವಾರದಲ್ಲಿ ಎರಡು ದಿನ ಮುದ್ದೆ, ಸಾರು, ಮಗ್ಗಿ ಮೂರೂ ನಿಮ್ಮ ಪಾಲಿಗಿರಲಿ. ಅವತ್ತು ಆಕೆ ಬರೆದರೆ ಬರೆಯಲಿ, ಮಲಗಿದರೆ ಮಲಗಲಿ. ಕಿಬ್ಬನಹಳ್ಳಿ ಕ್ರಾಸಿಗೆ ನಡೆದು ಹೋಗಿ ಮೊದಲು ಬಂದ ಬಸ್ಸು ಹತ್ತಿ, ತಿಪಟೂರಿಗೋ ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ಕೆಲಸವಿಲ್ಲದೆ ಹೋಗಿ ಬಂದರೂ ಸರಿ. ಯಾಕೆ ಹೋಗಿದ್ದೆ ಅಂತ ಕೇಳಬೇಡಿ. ಸಲಹೆ ಮಾತ್ರ ದಯವಿಟ್ಟು ಕೊಡಬೇಡಿ. ಅದಕ್ಕೆ ನಾನಿದ್ದೇನೆ.