ಬಾರದ ಸೋದರಮಾವ

ಆಳಂದದ ಝೆರಾಕ್ಸ್ ಅಂಗಡಿಯ ಮುಂದೆ ಪಹಣಿ, ಅರ್ಜಿ ಹಿಡಿದ ಜನ ಸಾಲುಗಟ್ಟಿದ್ದರು. ಕಂಪ್ಯೂಟರ್ ಮಾತ್ರ ಕಪ್ಪು ಪರದೆಯ ಮೇಲೆ ‘ಎಮರ್ಜೆನ್ಸಿ ಮೋಡ್’ ಎಂದು ಬರೆದುಕೊಂಡು ಕೂತಿತ್ತು. ಹುಡುಗ ಅದನ್ನು ಓದಿ ಹೇಳಿದ್ದೇ ತಡ, ಸಾಲಿನಲ್ಲಿದ್ದ ಕಾಕಾ, “1975ರಾಗ ಇಂದಿರಮ್ಮ ತಂದಿದ್ಳು. ಈಗ ಯಾರ್ ತಂದಾರ್ರಿ?” ಎಂದರು.

ತಂದವನು ಮಾಲೀಕರ ಅಳಿಯ. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದವನು ವೈರಸ್ಸಿನ ಕಾಟ ತಪ್ಪಲೆಂದು ಲಿನಕ್ಸ್ ಹಾಕಿಕೊಟ್ಟ. ತನ್ನ ಹಾರ್ಡ್‌ಡಿಸ್ಕ್ ತಾನಾಗಿ ತೆರೆದುಕೊಳ್ಳಲೆಂದು ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲು ಸೇರಿಸಿದ. ಆಮೇಲೆ ಡಿಸ್ಕನ್ನು ಬ್ಯಾಗಿಗೆ ಹಾಕಿ ರಾತ್ರಿ ಬಸ್ ಹತ್ತಿದ. ಸಾಲು ಇಲ್ಲೇ ಉಳಿಯಿತು.

ಯಾವ ಡಿಸ್ಕ್ ಎಲ್ಲಿ ಕೂರಬೇಕು, ಅದನ್ನು ಓದಲಷ್ಟೇ ಬಿಡಬೇಕೋ ಬರೆಯಲೂ ಬಿಡಬೇಕೋ ಎಂಬುದೆಲ್ಲ ಆ ಕಡತದಲ್ಲಿರುತ್ತದೆ. ಸಿಸ್ಟಮ್‌ಡಿ ಎಂಬ ಯಜಮಾನ ಆ ಪಟ್ಟಿ ಹಿಡಿದು ಮದುವೆಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಸೋದರಮಾವ ಕಾಣದಿದ್ದರೆ 90 ಸೆಕೆಂಡು ಕಾಯುತ್ತಾನೆ. ಬರಲಿಲ್ಲವೋ, ಮದುವೆಯನ್ನೇ ನಿಲ್ಲಿಸಿಬಿಡುತ್ತಾನೆ! ನಮ್ಮ ಕಡೆ ಹೀಗೆ ಯಾರಾದರೂ ಮಾಡುತ್ತಾರೆಯೇ? ಮಾವನ ಬಸ್ಸು ಭೀಮೆಯ ಆಚೆ ಕೆಟ್ಟು ನಿಂತರೂ ಹೊತ್ತಿಗೆ ಸರಿಯಾಗಿ ಅಕ್ಕಿಕಾಳು ಬೀಳುತ್ತವೆ. ಮಾವ ಊಟದ ಪಂಕ್ತಿಗೆ ಬಂದು ಸೇರುತ್ತಾನೆ. ಇಷ್ಟು ತಿಳಿವಳಿಕೆ ಲಿನಕ್ಸಿಗೂ ಬರಬೇಕೆಂದರೆ ಆ ಸಾಲಿನಲ್ಲಿ ‘ನೋಫೇಲ್’ ಎಂದು ಬರೆದರೆ ಸಾಕು.

ಬರೆಯೋಣವೆಂದರೆ ಯಂತ್ರ ಪಾಸ್‌ವರ್ಡ್ ಕೇಳಿತು. ಅದು ಅಳಿಯನೊಬ್ಬನಿಗೇ ಗೊತ್ತು. ಅವನ ಫೋನು ಸ್ವಿಚ್ ಆಫ್. “ಅಳಿಯ್ಗ ಬೈಲಾಕ ಬರಂಗಿಲ್ರಿ, ಮಷೀನಿಗೇ ಬೈರಿ” ಎಂದರು ಮಾಲೀಕರು.

ಜೇವರ್ಗಿಯ ಡಿಟಿಪಿ ಅಂಗಡಿಯದು ಬೇರೆ ರೋಗ: “ಎಲ್ಲಾ ಕಾಣಸ್ತದ್ರಿ, ಸೇವ್ ಆಗವಲ್ದು.” ಡಿಸ್ಕಿನಲ್ಲಿ ದೋಷ ಕಂಡರೆ ಬರೆಯುವುದನ್ನು ನಿಲ್ಲಿಸಿ ಓದಲಷ್ಟೇ ಬಿಡುವ ‘ರಿಮೌಂಟ್-ಆರ್‌ಒ’ ಆಯ್ಕೆಯ ಕೆಲಸ ಅದು. ಬೈಸಿಕೊಂಡರೂ ಕಡತಗಳನ್ನು ಕಾಯುವ ಸಂಭಾವಿತ. ಅಫಜಲಪುರದಲ್ಲಿ ಅದೇ ಜಾಗದಲ್ಲಿ ಯಾರೋ ಪುಣ್ಯಾತ್ಮರು ‘ಪ್ಯಾನಿಕ್’ ಎಂದು ಬರೆದಿದ್ದರು. ಗಾಣಗಾಪುರದ ಹುಣ್ಣಿಮೆ ಎದುರಿಗಿದೆ, ಬ್ಯಾನರ್ ಕೆಲಸ ತುಂಬಿದೆ. ಕಡತವ್ಯವಸ್ಥೆಯಲ್ಲಿ ಒಂದು ಸಣ್ಣ ದೋಷ ಸಿಕ್ಕಿತು, ಲಿನಕ್ಸಿನ ತಿರುಳಾದ ಕರ್ನಲ್ ಕೈಕಾಲು ಬಿಟ್ಟು ಇಡೀ ಯಂತ್ರವನ್ನೇ ಮಲಗಿಸಿತು. ಅಂಗಡಿಯವರ ರೋಗನಿರ್ಣಯಕ್ಕೆ ನನ್ನ ತಕರಾರಿಲ್ಲ: “ಹ್ಯಾಂಗ್ ಆಗೂದು ಬ್ಯಾರೆ ಸರ, ಇದು ಅಂಜಿ ಸತ್ತದ.”

ಎಫ್‌ಎಸ್‌ಟ್ಯಾಬ್ ಮುಟ್ಟುವ ಸಮಸ್ತ ಅಳಿಯಂದಿರಲ್ಲಿ ವಿನಂತಿ: ಡಿಸ್ಕನ್ನು ಅನ್‌ಮೌಂಟ್ ಮಾಡಿ ಬಿಚ್ಚಿಟ್ಟು, ಒಮ್ಮೆ ‘ಮೌಂಟ್ -ಎ’ ಕೊಟ್ಟು ನೋಡಿ. ಅದು ಗೊಣಗಿದರೆ ‘ನೋಫೇಲ್’ ಸೇರಿಸಿಯೇ ಊರು ಬಿಡಿ. ಪಾಸ್‌ವರ್ಡನ್ನು ಅತ್ತೆಯವರಿಗೆ ಹೇಳಿ ಹೋಗಿ.